ಮಣಿಕಟ್ಟಿನ ಜೋಮು ಮತ್ತು ಮೈತೂಕ

(ಚಿಕ್ಕಮಗಳೂರಿನಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದು, ಸಭಿಕರು ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಸೇರಿಸಿಕೊಳ್ಳಲಾಗಿದೆ.)

ಸಭೆಯಲ್ಲಿರುವ ಹಿರಿಯರಿಗೂ ತಾಯಂದಿರಿಗೂ, ತೋಟದ ಕೆಲಸ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿರುವ ಗೆಳೆಯರಿಗೂ ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ಕಾಯಿಲೆಗಳಿಗೂ ಹಂಗಾಮುಗಳಿವೆ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗಿ ರೊಬಸ್ಟಾ ಹಣ್ಣು ಕಣಕ್ಕೆ ಬಂದು ಮುಗಿಯುವ ಫೆಬ್ರುವರಿ, ಮಾರ್ಚ್ ಹೊತ್ತಿಗೆ, ಕೈ ಜೋಮು ಹಿಡಿಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ ಎಂದು ವೈದ್ಯರ ಬಳಿ ಬರುವವರು ಹೆಚ್ಚುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು, ಅದರಲ್ಲೂ ನಲವತ್ತು ದಾಟಿದವರು. ಕೊಯ್ಲಿನಿಂದಲೇ ಹೀಗಾಯಿತು ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಆ ತೀರ್ಮಾನವನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ. ಆದರೆ ಒಂದೇ ಸಾಲಿನ ಗಿಡಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಜೊತೆಯಾಗಿ ಹಣ್ಣು ಬಿಡಿಸಿದ ಇಬ್ಬರಲ್ಲಿ ಒಬ್ಬರಿಗೆ ಈ ತೊಂದರೆ ಬಂದು ಇನ್ನೊಬ್ಬರಿಗೆ ಬಾರದಿರುವುದೇಕೆ ಎಂಬ ಪ್ರಶ್ನೆಗೆ ಕೊಯ್ಲೊಂದೇ ಉತ್ತರವಾಗಲಾರದು. ತೋಟದ ಕಡೆಗೆ ತಲೆಯನ್ನೇ ಹಾಕದ ಶಾಲಾ ಶಿಕ್ಷಕಿಯರಿಗೂ, ಅಂಗಡಿಯ ಗಲ್ಲಾದಲ್ಲಿ ಕುಳಿತಿರುವವರಿಗೂ ಇದೇ ಜೋಮು ಬರುತ್ತದೆ. ಉತ್ತರದ ಉಳಿದ ಭಾಗವನ್ನು ಮಣಿಕಟ್ಟಿನಲ್ಲಲ್ಲ, ಇಡೀ ಮೈಯಲ್ಲಿ ಹುಡುಕಬೇಕಾಗುತ್ತದೆ ಎಂಬುದೇ ಇಂದು ನಾನು ಹೇಳಬೇಕೆಂದಿರುವ ವಿಷಯ.

ಮೊದಲು ಮಣಿಕಟ್ಟಿನ ರಚನೆಯನ್ನು ನೋಡೋಣ. ಅಲ್ಲಿ ಎಂಟು ಸಣ್ಣ ಮೂಳೆಗಳು ಎರಡು ಸಾಲಾಗಿ ಕುಳಿತು ಬಾಗಿದ ಒಂದು ತಳವನ್ನು ಮಾಡಿವೆ. ಆ ತಳದ ಎರಡು ಅಂಚುಗಳನ್ನು ಅಂಗೈಯ ಕಡೆಯಿಂದ ದಪ್ಪನೆಯ, ಹಿಗ್ಗದ ಅಡ್ಡಪಟ್ಟಿಯೊಂದು ಬಿಗಿದು ಹಿಡಿದಿದೆ. ಈ ಎರಡರ ನಡುವೆ ಉಳಿಯುವ, ಎರಡರಿಂದ ಎರಡೂವರೆ ಸೆಂಟಿಮೀಟರಿನಷ್ಟು ಅಗಲದ ಕಿರಿದಾದ ಓಣಿಗೆ ಕಾರ್ಪಲ್ ಟನಲ್ ಎನ್ನುತ್ತಾರೆ. ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಎಂಬ ನರ, ಒಟ್ಟು ಹತ್ತು ಎಳೆಗಳು ಈ ಓಣಿಯ ಮೂಲಕವೇ ಅಂಗೈಯನ್ನು ಸೇರಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗದ ಸ್ಪರ್ಶಜ್ಞಾನವನ್ನು ಈ ನರವೇ ನೋಡಿಕೊಳ್ಳುತ್ತದೆ. ಹೆಬ್ಬೆರಳನ್ನು ಇತರ ಬೆರಳುಗಳ ಎದುರಿಗೆ ತಂದು ನಿಲ್ಲಿಸುವ ಬುಡದ ಸ್ನಾಯುಗಳಿಗೆ ಆಜ್ಞೆ ಕೊಂಡೊಯ್ಯುವುದೂ ಇದೇ ನರ. ಓಣಿಯ ಮೂರು ಕಡೆ ಮೂಳೆ, ಒಂದು ಕಡೆ ಬಿಗಿದ ಪಟ್ಟಿ. ಹೀಗಾಗಿ ಒಳಗೆ ಯಾವ ಕಾರಣದಿಂದ ಒತ್ತಡ ಏರಿದರೂ ಅದನ್ನು ಸಹಿಸಬೇಕಾದದ್ದು ಇದ್ದುದರಲ್ಲಿ ಮೆತ್ತಗಿರುವ ನರ.

ಈ ಒತ್ತಡ ಎಷ್ಟೆಂಬುದನ್ನು ಅಳೆದು ನೋಡಿದ್ದಾರೆ. ಗೆಲ್ಬರ್ಮನ್ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಣಿಕಟ್ಟು ನೇರವಾಗಿದ್ದಾಗ ಆರೋಗ್ಯವಂತರ ಓಣಿಯ ಒತ್ತಡ ಸುಮಾರು 2.5 ಮಿಲಿಮೀಟರ್ ಪಾದರಸದಷ್ಟಿದ್ದರೆ, ರೋಗಿಗಳಲ್ಲಿ ಅದು ಸುಮಾರು 32 ಇತ್ತು. ರೋಗಿಗಳು ಮಣಿಕಟ್ಟನ್ನು ಪೂರ್ತಿ ಮುಂದಕ್ಕೆ ಬಗ್ಗಿಸಿದಾಗ 94ಕ್ಕೂ, ಪೂರ್ತಿ ಹಿಂದಕ್ಕೆ ಬಗ್ಗಿಸಿದಾಗ 110ಕ್ಕೂ ಏರಿತು. ಈ ನಾಲ್ಕು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ನಾನು ಹೇಳುವ ಬಹುಪಾಲು ಮಾತುಗಳ ಹಿಂದಿನ ಕಾರಣ ತಾನಾಗಿ ತಿಳಿಯುತ್ತದೆ.

ರಾತ್ರಿಯೇ ಏಕೆ ಹೆಚ್ಚು ಎಂದು ಎಲ್ಲರೂ ಕೇಳುತ್ತಾರೆ. ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಚಿ ಕೆನ್ನೆಯ ಕೆಳಗೋ ದಿಂಬಿನ ಕೆಳಗೋ ಇಟ್ಟುಕೊಳ್ಳುತ್ತೇವೆ. ಮಲೆನಾಡಿನ ಚಳಿಯಲ್ಲಿ ಕಂಬಳಿಯೊಳಗೆ ಮುದುಡಿ ಎರಡೂ ಕೈಗಳನ್ನು ಎದೆಗೆ ಒತ್ತಿ ಮಲಗುವವರಂತೂ ಗಂಟೆಗಟ್ಟಲೆ ಆ ಸ್ಥಿತಿಯಲ್ಲೇ ಇರುತ್ತಾರೆ. ಹಗಲು ಕಾಲುಗಳಲ್ಲಿ ನಿಂತಿದ್ದ ನೀರಿನಂಶವೂ ಮಲಗಿದಾಗ ಮೈಯಲ್ಲೆಲ್ಲ ಹಂಚಿಹೋಗುತ್ತದೆ. ನಡುರಾತ್ರಿ ಬೆರಳುಗಳು ಚುಳುಚುಳು ಎಂದು ಉರಿಯುತ್ತ ಎಚ್ಚರವಾಗುತ್ತದೆ. ಎದ್ದು ಕೈಯನ್ನು ಜೋರಾಗಿ ಒದರಿದರೆ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಸ್ಪ್ರಿಂಕ್ಲರ್ ಪೈಪಿನ ಮೇಲೆ ಯಾರೋ ಕಾಲಿಟ್ಟು ತೆಗೆದರೆ ನೀರು ಮತ್ತೆ ಹರಿಯುವುದಿಲ್ಲವೇ, ಮೊದಮೊದಲು ನರದ ಪಾಡೂ ಹಾಗೆಯೇ ಇರುತ್ತದೆ. ವರ್ಷಗಟ್ಟಲೆ ಒತ್ತಿದರೆ ನರದ ಹೊದಿಕೆ ಸವೆದು, ಬಳಿಕ ಒಳಗಿನ ತಂತುಗಳೇ ಹಾಳಾಗುತ್ತವೆ. ಆಗ ಕೈ ಒದರಿದರೂ ಪ್ರಯೋಜನವಾಗುವುದಿಲ್ಲ.

ಇದು ಕಾರ್ಪಲ್ ಟನಲ್ ತೊಂದರೆಯೇ ಎಂದು ಊಹಿಸಲು ಒಂದು ಸರಳ ಪರೀಕ್ಷೆಯಿದೆ. ದಯವಿಟ್ಟು ಎಲ್ಲರೂ ಎರಡೂ ಕೈಗಳ ಹಿಂಬದಿಯನ್ನು ಎದೆಯ ಮುಂದೆ ಒಂದಕ್ಕೊಂದು ತಾಗಿಸಿ, ಬೆರಳುಗಳು ನೆಲದ ಕಡೆಗಿರುವಂತೆ ಒಂದು ನಿಮಿಷ ಹಿಡಿಯಿರಿ. (ಸಭೆಯಲ್ಲಿ ಇದನ್ನು ಎಲ್ಲರಿಂದಲೂ ಮಾಡಿಸಲಾಯಿತು.) ನಿಮಿಷ ಮುಗಿಯುವುದರೊಳಗೆ ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಜುಮುಗುಟ್ಟಿದ್ದರೆ ಅನುಮಾನಕ್ಕೆ ಕಾರಣವಿದೆ. ಅಮೆರಿಕದ ಶಸ್ತ್ರಚಿಕಿತ್ಸಕ ಜಾರ್ಜ್ ಫೇಲನ್ ಅವರು ರೂಢಿಗೆ ತಂದ ಪರೀಕ್ಷೆ ಇದು. ಇದೊಂದರಿಂದಲೇ ರೋಗ ತೀರ್ಮಾನವಾಗುವುದಿಲ್ಲ. ಜೋಮು ಕಿರುಬೆರಳಿನಲ್ಲೇ ಹೆಚ್ಚಾಗಿದ್ದರೆ ಮೊಣಕೈಯ ಬಳಿ ಒತ್ತಿಕೊಳ್ಳುವ ಬೇರೊಂದು ನರದ ಬಗ್ಗೆ ಯೋಚಿಸಬೇಕು. ಕುತ್ತಿಗೆ ತಿರುಗಿಸಿದಾಗ ತೋಳಿನುದ್ದಕ್ಕೂ ಎಳೆದಂತಾದರೆ ಕುತ್ತಿಗೆಯ ಮೂಳೆಗಳನ್ನು ನೋಡಬೇಕು. ಎರಡೂ ಪಾದಗಳಲ್ಲಿ ಮೊದಲು ಶುರುವಾಗಿ ಆಮೇಲೆ ಕೈಗೆ ಬಂದದ್ದಾದರೆ ಸಕ್ಕರೆ ಕಾಯಿಲೆ ಅಥವಾ ವಿಟಮಿನ್ ಬಿ12 ಕೊರತೆಯ ಅನುಮಾನ ಹೆಚ್ಚು. ಎಡಗೈ ಜೋಮು ಹಿಡಿಯಿತೆಂದು ಹೃದಯಾಘಾತದ ಭಯದಿಂದ ರಾತ್ರೋರಾತ್ರಿ ವಾಹನ ಮಾಡಿಕೊಂಡು ಬರುವವರಿದ್ದಾರೆ. ಎದೆ ನೋವು, ಬೆವರು, ಉಸಿರು ಕಟ್ಟುವುದು ಜೊತೆಗಿದ್ದರೆ ಹಾಗೆ ಬರುವುದೇ ಸರಿ. ಹಾಗೆಯೇ ಇದ್ದಕ್ಕಿದ್ದಂತೆ ಒಂದು ಪಕ್ಕದ ಕೈಕಾಲು ಬಲ ಕಳೆದುಕೊಂಡರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಅಲ್ಲಿ ಒಂದು ಗಳಿಗೆಯನ್ನೂ ಕಳೆಯಬಾರದು.

ಇನ್ನು ಮೈತೂಕದ ವಿಷಯ. ವರ್ನರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 29ಕ್ಕಿಂತ ಹೆಚ್ಚಿರುವವರಲ್ಲಿ ಈ ತೊಂದರೆ ಪತ್ತೆಯಾಗುವ ಸಾಧ್ಯತೆ 20ಕ್ಕಿಂತ ಕಡಿಮೆ ಇರುವ ತೆಳ್ಳಗಿನವರಿಗೆ ಹೋಲಿಸಿದರೆ ಎರಡೂವರೆ ಪಟ್ಟು ಎಂದು ಕಂಡುಬಂತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಅದೇ ದಿಕ್ಕಿನಲ್ಲಿದೆ: ತೂಕ ಮಿತಿ ಮೀರಿದವರಿಗೆ ಅಪಾಯ ಒಂದೂವರೆ ಪಟ್ಟು, ಬೊಜ್ಜಿನವರಿಗೆ ಎರಡು ಪಟ್ಟು. ತೂಕವನ್ನು ಕೆಜಿಯಲ್ಲೂ ಎತ್ತರವನ್ನು ಮೀಟರಿನಲ್ಲೂ ತೆಗೆದುಕೊಂಡು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದೇ ಬಿಎಂಐ. ಭಾರತೀಯರಿಗೆ 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು ಎಂದು ನಮ್ಮ ವೈದ್ಯರು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮ ಗಂಡಸರು ಬಿಎಂಐ ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಹೊಟ್ಟೆಯ ಬೊಜ್ಜಿಗೂ ಮಣಿಕಟ್ಟಿನ ನರಕ್ಕೂ ಎತ್ತಣ ಸಂಬಂಧ ಎನ್ನಬಹುದು. ತೂಕ ಹೆಚ್ಚಿರುವವರಲ್ಲಿ ಓಣಿಯೊಳಗಿನ ಕೊಬ್ಬು ಮತ್ತು ದ್ರವದ ಅಂಶ ಹೆಚ್ಚಿ ಒತ್ತಡ ಏರುತ್ತದೆ ಎಂಬುದು ಒಂದು ವಿವರಣೆ. ಬೊಜ್ಜಿನ ಜೊತೆಗೇ ಬರುವ ಇನ್ಸುಲಿನ್ ಪ್ರತಿರೋಧ, ಏರಿದ ಸಕ್ಕರೆ ಇವು ನರದ ಸೂಕ್ಷ್ಮ ರಕ್ತನಾಳಗಳನ್ನು ಬಾಧಿಸಿ, ಸಾಮಾನ್ಯ ಒತ್ತಡವನ್ನೂ ತಾಳಲಾರದಂತೆ ಅದನ್ನು ದುರ್ಬಲಗೊಳಿಸುತ್ತವೆ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ನಡೆಯಬಲ್ಲವು. ಸ್ನಾಯುರಜ್ಜುಗಳ ಸುತ್ತಲಿನ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಹುಪಾಲು ರೋಗಿಗಳಲ್ಲಿ ಕಾಣುವುದು ಉರಿಯೂತಕ್ಕಿಂತ ಹೆಚ್ಚಾಗಿ ಊತ ಮತ್ತು ನಾರುಗಟ್ಟಿದ ದಪ್ಪ. ಆದ್ದರಿಂದಲೇ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಗಳು ಇಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ. ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಮಾಡುವ ಹಾನಿಯನ್ನು ಮಾತ್ರ ತಪ್ಪದೆ ಮಾಡುತ್ತವೆ.

ಇಲ್ಲಿ ಒಂದು ವಿಷಯವನ್ನು ಬಿಚ್ಚಿ ಹೇಳಬೇಕು. ಹೆಚ್ಚು ತೂಕ ಇರುವವರಿಗೆ ಈ ತೊಂದರೆ ಹೆಚ್ಚು ಬರುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಾಗಿದೆ. ತೂಕ ಇಳಿಸಿದರೆ ಬಂದಿರುವ ತೊಂದರೆ ಹೋಗಿಯೇ ಬಿಡುತ್ತದೆ ಎಂಬುದಕ್ಕೆ ಅಷ್ಟೇ ಗಟ್ಟಿಯಾದ ಆಧಾರವಿಲ್ಲ. ಹಾಗಿದ್ದೂ ನಾನು ತೂಕ ಇಳಿಸಲು ಹೇಳುವುದೇಕೆಂದರೆ, ಸಕ್ಕರೆ, ರಕ್ತದೊತ್ತಡ, ಮಂಡಿ ನೋವು ಮುಂತಾದವುಗಳಿಗೆ ಅದರಿಂದ ಆಗುವ ಲಾಭ ನಿಶ್ಚಿತ, ಮತ್ತು ಕೈಗೆ ಅನುಕೂಲವಾಗುವ ಸಂಭವವೂ ಸಾಕಷ್ಟಿದೆ. ಆದರೆ ತೂಕ ಇಳಿಯುವುದು ತಿಂಗಳುಗಳ ಕೆಲಸ, ನರ ಅಷ್ಟು ದಿನ ಕಾಯದಿರಬಹುದು. ಹೀಗಾಗಿ ಇಂದಿನ ರಾತ್ರಿಗೆ ಒಂದು ಉಪಾಯ, ಮುಂದಿನ ಆರು ತಿಂಗಳಿಗೆ ಇನ್ನೊಂದು ಉಪಾಯ, ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಇಂದಿನ ರಾತ್ರಿಯ ಉಪಾಯ ಮಣಿಕಟ್ಟಿನ ಪಟ್ಟಿ, ಅಂದರೆ ಸ್ಪ್ಲಿಂಟ್. ಆರೋಗ್ಯ ಸಲಕರಣೆಗಳ ಅಂಗಡಿಯಲ್ಲಿ ಇದು ಸಿಗುತ್ತದೆ. ಅಂಗೈ ಕಡೆ ಲೋಹದ ಒಂದು ತಗಡು ಇರುತ್ತದೆ. ಬಹಳಷ್ಟು ಪಟ್ಟಿಗಳಲ್ಲಿ ಆ ತಗಡು ಕೈಯನ್ನು ಹಿಂದಕ್ಕೆ ಎತ್ತಿ ಹಿಡಿಯುವಂತೆ ಬಾಗಿರುತ್ತದೆ, ಕೊಂಡವರು ಹಾಗೆಯೇ ಕಟ್ಟಿಕೊಂಡು ಮಲಗುತ್ತಾರೆ, ಮತ್ತು ಪ್ರಯೋಜನವಾಗಲಿಲ್ಲ ಎನ್ನುತ್ತಾರೆ. ಹಿಂದಕ್ಕೆ ಬಾಗಿದರೂ ಒತ್ತಡ ಏರುತ್ತದೆ ಎಂಬ ಅಂಕಿಯನ್ನು ಆಗಲೇ ಹೇಳಿದೆ. ತಗಡನ್ನು ಹೊರಗೆಳೆದು, ಮೇಜಿನ ಅಂಚಿಗೆ ಒತ್ತಿ, ಮುಂಗೈ ಮತ್ತು ಅಂಗೈ ಒಂದೇ ರೇಖೆಯಲ್ಲಿ ಬರುವಂತೆ ನೇರ ಮಾಡಿ ಮತ್ತೆ ಸೇರಿಸಬೇಕು. ಪಟ್ಟಿ ಕಟ್ಟಿದ ಮೇಲೆ ಅದರೊಳಗೆ ಒಂದು ಬೆರಳು ಸುಲಭವಾಗಿ ತೂರಬೇಕು. ಬಿಗಿದು ಕಟ್ಟಿದರೆ ಪಟ್ಟಿಯೇ ಒತ್ತಡವಾಗುತ್ತದೆ. ಬೆರಳುಗಳು ಪೂರ್ತಿ ಮಡಚಲು ಬರಬೇಕು. ಕನಿಷ್ಠ ಆರು ವಾರ ಪ್ರತಿ ರಾತ್ರಿ ಕಟ್ಟಬೇಕು. ಎರಡು ದಿನ ಕಟ್ಟಿ ಮೂಲೆಗೆಸೆದರೆ ಫಲವಿಲ್ಲ. ಪಟ್ಟಿ ಸಿಗುವವರೆಗೆ ಕಾಯಲಾರದವರು ತೆಳುವಾದ ಟವೆಲನ್ನು ಮಣಿಕಟ್ಟಿನ ಸುತ್ತ ಸಡಿಲವಾಗಿ ಸುತ್ತಿ ಮಲಗಿದರೂ ಕೈ ಮಡಚುವುದು ಕಡಿಮೆಯಾಗುತ್ತದೆ.

ಆರು ತಿಂಗಳ ಉಪಾಯಕ್ಕೆ ಬರುವ ಮೊದಲು ಎರಡು ರಕ್ತಪರೀಕ್ಷೆಗಳನ್ನು ಮಾಡಿಸಲೇಬೇಕು ಎಂಬುದು ನನ್ನ ಒತ್ತಾಯ. ಒಂದು ಸಕ್ಕರೆಯದು, ಇನ್ನೊಂದು ಥೈರಾಯ್ಡಿನ ಟಿಎಸ್‌ಎಚ್. ಥೈರಾಯ್ಡ್ ಕಡಿಮೆಯಾದಾಗ ತೂಕವೂ ಏರುತ್ತದೆ, ಓಣಿಯೊಳಗಿನ ಪೊರೆಗಳೂ ಊದಿಕೊಳ್ಳುತ್ತವೆ. ಬೆಳಗಿನ ಖಾಲಿ ಹೊಟ್ಟೆಯ ಒಂದು ಮಾತ್ರೆಯಿಂದ ಎರಡೂ ಸುಧಾರಿಸಬಹುದು. ಅದನ್ನು ನೋಡದೆ ಊಟ ಬಿಟ್ಟು ತೂಕ ಇಳಿಸಲು ಹೋದರೆ ಸುಸ್ತೊಂದೇ ಉಳಿಯುತ್ತದೆ.

ತಿಂಡಿ ಊಟದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮಲೆನಾಡಿನ ಮನೆಗಳಲ್ಲಿ ತೂಕ ಏರಲು ದೊಡ್ಡ ಊಟವೇ ಕಾರಣವೆಂದು ಹೇಳಲಾರೆ. ಬಂದವರಿಗೆಲ್ಲ ಕಾಫಿ ಕೊಟ್ಟು, ಜೊತೆಗೆ ತಾವೂ ಅರ್ಧ ಲೋಟ ಕುಡಿಯುವ ಪದ್ಧತಿ ನಮ್ಮದು. ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಐದು ಲೋಟವಾದರೆ ಹತ್ತು ಚಮಚ, ಅಂದರೆ 40ರಿಂದ 50 ಗ್ರಾಂ ಸಕ್ಕರೆ. ಅದು 160ರಿಂದ 200 ಕ್ಯಾಲೊರಿ. ಹಾಲಿನ ಲೆಕ್ಕ ಬೇರೆ. ನಮ್ಮದು ಬೆಲ್ಲದ ಕಾಫಿ ಎಂದು ಸಮಾಧಾನ ಹೇಳುವವರಿಗೆ, ಬೆಲ್ಲದ ಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ತಿಳಿಸಬೇಕಾಗುತ್ತದೆ. ಕಾಫಿ ಬಿಡಿ ಎಂದು ಚಿಕ್ಕಮಗಳೂರಿನಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ತಿಂಗಳೊಂದರಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಇನ್ನು ಅಕ್ಕಿ. ಬೆಳಿಗ್ಗೆ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಎಂದಾದಾಗ ತಟ್ಟೆಯಲ್ಲಿ ಬೇಳೆಕಾಳಿಗೆ ಜಾಗವೇ ಉಳಿಯುವುದಿಲ್ಲ. ಮೊದಲು ಪಲ್ಯ ಮತ್ತು ಹುರುಳಿ, ಹೆಸರು, ಅಲಸಂದೆಯಂಥ ಕಾಳಿನ ಸಾರನ್ನು ಬಡಿಸಿಕೊಂಡು, ಉಳಿದ ಜಾಗಕ್ಕೆ ಅನ್ನ ಹಾಕಿಕೊಳ್ಳಿ. ಮೊಟ್ಟೆ, ಮೀನು ತಿನ್ನುವವರಿಗೆ ಇದು ಇನ್ನೂ ಸುಲಭ. ಕಡೂರಿನ ಕಡೆಯವರು ಮುದ್ದೆ ತಿಂದರೆ ತೂಕ ಬರುವುದಿಲ್ಲ ಎಂದು ನಂಬಿದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ, ಎಲ್ಲವೂ ನಿಜ. ಆದರೆ ತೂಕಕ್ಕೆ ತೂಕ ನೋಡಿದರೆ ರಾಗಿಹಿಟ್ಟಿನ ಕ್ಯಾಲೊರಿ ಅಕ್ಕಿಗೆ ಹತ್ತಿರದಲ್ಲೇ ಇದೆ, ಆದ್ದರಿಂದ ಎರಡು ದೊಡ್ಡ ಮುದ್ದೆಯ ಮೇಲೆ ಅನ್ನವನ್ನೂ ಉಣ್ಣುವವರಿಗೆ ಅದು ರಕ್ಷಣೆ ಕೊಡುವುದಿಲ್ಲ. ಒಪ್ಪೊತ್ತಿನ ದಿನ ಅನ್ನ ಬಿಟ್ಟು, ಅದರ ಬದಲಿಗೆ ಎಣ್ಣೆ ಸುರಿದ ಉಪ್ಪಿಟ್ಟು, ಸಿಹಿ ಅವಲಕ್ಕಿ, ಬಾಳೆಹಣ್ಣಿನ ರಸಾಯನ ತೆಗೆದುಕೊಳ್ಳುವ ಉಪವಾಸವನ್ನು ದೇವರು ಒಪ್ಪಬಹುದು, ತೂಕದ ಯಂತ್ರ ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು.

ಬಾಣಂತನದ ಬಗ್ಗೆಯೂ ಒಂದು ಮಾತು ಇದೆ. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಈ ಜೋಮು ಬರುವುದು ಸಾಮಾನ್ಯ, ಹೆರಿಗೆಯ ನಂತರ ಹೆಚ್ಚಿನವರಿಗೆ ತಾನಾಗಿ ಕಡಿಮೆಯಾಗುತ್ತದೆ. ಕೆಲವರಲ್ಲಿ ಉಳಿದುಕೊಳ್ಳುತ್ತದೆ, ಅದಕ್ಕೆ ಮಗುವಿನ ತಲೆಯನ್ನು ಮಡಚಿದ ಮಣಿಕಟ್ಟಿನ ಮೇಲೆ ಹೊತ್ತು ಹಾಲೂಡಿಸುವುದೂ ಕಾರಣವಾಗಬಹುದು. ಮಗುವಿನ ಕೆಳಗೆ ದಿಂಬು ಇಟ್ಟರೆ ಕೈಗೆ ಭಾರ ತಪ್ಪುತ್ತದೆ. ಅಜ್ಜಿಯಂದಿರು ಪ್ರೀತಿಯಿಂದ ತಿನ್ನಿಸುವ ತುಪ್ಪ, ಅಂಟಿನುಂಡೆಗಳಿಗೆ ಒಂದು ಮಿತಿಯಿದ್ದರೆ, ಹೆರಿಗೆಗೆ ಏರಿದ ತೂಕ ಮುಂದಿನ ಹೆರಿಗೆಯವರೆಗೂ ಹಾಗೆಯೇ ಉಳಿಯುವುದು ತಪ್ಪುತ್ತದೆ. ಇದನ್ನು ಬಾಣಂತಿಗೆ ಹೇಳಿ ಪ್ರಯೋಜನವಿಲ್ಲ, ಅಜ್ಜಿಗೇ ಹೇಳಬೇಕು.

ಗುರಿ ಎಷ್ಟಿರಬೇಕು? ಆರು ತಿಂಗಳಲ್ಲಿ ಈಗಿನ ತೂಕದ ನೂರಕ್ಕೆ ಐದರಿಂದ ಹತ್ತರಷ್ಟು ಸಾಕು. ಎಪ್ಪತ್ತು ಕೆಜಿ ಇರುವವರಿಗೆ ಅದು ಮೂರೂವರೆಯಿಂದ ಏಳು ಕೆಜಿ. ನಡಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಾಗಿ ಇರಬೇಕು. ಪಟ್ಟಣದವರಿಗೆ ರತ್ನಗಿರಿ ಬೋರೆಯ ಏರು ಇದೆ. ತೋಟದವರು ದಿನವಿಡೀ ನಡೆಯುತ್ತೇವಲ್ಲ ಎನ್ನುತ್ತಾರೆ. ಕೊಯ್ಲಿನಲ್ಲಿ ನಿಂತಲ್ಲೇ ನಿಲ್ಲುವುದೇ ಹೆಚ್ಚು, ಉಸಿರು ಏರುವಂಥ ನಡಿಗೆ ಅಲ್ಲಿ ಕಡಿಮೆ. ಕೈಯಲ್ಲಿ ಜೋಮು ಇರುವವರು ವ್ಯಾಯಾಮ ಆರಿಸುವಾಗ ಎಚ್ಚರ ವಹಿಸಬೇಕು. ದಂಡ ಹೊಡೆಯುವುದು, ಸೂರ್ಯನಮಸ್ಕಾರದಲ್ಲಿ ಅಂಗೈ ಊರಿ ಮೈಭಾರವನ್ನೆಲ್ಲ ಬಿಡುವುದು, ಭಾರದ ಡಂಬೆಲ್ ಬಿಗಿಯಾಗಿ ಹಿಡಿಯುವುದು, ಸೈಕಲ್ ಹ್ಯಾಂಡಲಿನ ಮೇಲೆ ಒರಗುವುದು, ಇವೆಲ್ಲ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿ ಅಥವಾ ಒತ್ತಿ ತೊಂದರೆ ಹೆಚ್ಚಿಸುತ್ತವೆ. ತೂಕ ಇಳಿಸಲೆಂದು ಜಿಮ್ ಸೇರಿ ಕೈ ನೋವು ಹೆಚ್ಚಿಸಿಕೊಂಡು ಬಂದ ಯುವಕರನ್ನು ನೋಡಿದ್ದೇನೆ.

ಈ ಎಲ್ಲವನ್ನೂ ಒಬ್ಬರ ವಿಷಯದಲ್ಲಿ ಹೇಗೆ ಹೊಂದಿಸಿದೆವು ಎಂಬುದನ್ನು ಹೇಳುತ್ತೇನೆ. ಮೂಡಿಗೆರೆ ಕಡೆಯ ತಾಯಿಯೊಬ್ಬರು, ನಲವತ್ತರ ಕೊನೆಯಲ್ಲಿದ್ದವರು, ಎತ್ತರ 155 ಸೆಂಟಿಮೀಟರ್, ತೂಕ 71 ಕೆಜಿ. ಬೆಳಿಗ್ಗೆ ಎರಡು ಹಸುಗಳ ಹಾಲು ಕರೆಯುವುದು, ಹಗಲು ತೋಟ, ಸಂಜೆ ರೊಟ್ಟಿ. ಹಾಲು ಕರೆಯುವಾಗ ಕೈಯಿಂದ ಮೊಲೆ ಜಾರಿಹೋಗುತ್ತದೆ ಎಂಬುದು ಅವರ ದೂರು. ಹೇಗೆ ಕರೆಯುತ್ತೀರಿ ಎಂದು ನನ್ನ ಬೆರಳನ್ನೇ ಕೊಟ್ಟು ಕೇಳಿದಾಗ, ಹೆಬ್ಬೆರಳನ್ನು ಒಳಗೆ ಮಡಚಿ ಗೆಣ್ಣಿನಿಂದ ಒತ್ತಿ ಎಳೆದು ತೋರಿಸಿದರು. ಹೀಗೆ ಕರೆಯುವುದು ಹಸುವಿನ ಮೊಲೆಗೂ ಒಳ್ಳೆಯದಲ್ಲ, ಕರೆಯುವವರ ಕೈಗೂ ಒಳ್ಳೆಯದಲ್ಲ. ಐದೂ ಬೆರಳು ಸುತ್ತಿ ಮುಷ್ಟಿಯಿಂದ ಹಿಂಡುವುದೇ ಸರಿಯಾದ ಕ್ರಮ. ಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತ್ತು, ಅಂದರೆ ಥೈರಾಯ್ಡ್ ಕಡಿಮೆಯಾಗಿತ್ತು. ಅದಕ್ಕೆ ಮಾತ್ರೆ, ರಾತ್ರಿಗೆ ಪಟ್ಟಿ, ಸಂಜೆ ಹಸುವಿನ ಪಾಳಿ ಮಗನಿಗೆ, ಕಾಫಿಯ ಸಕ್ಕರೆಗೆ ಕತ್ತರಿ, ಊಟದ ತಟ್ಟೆಯಲ್ಲಿ ಬದಲಾವಣೆ. ಎಂಟು ತಿಂಗಳಲ್ಲಿ ತೂಕ 64ಕ್ಕೆ ಇಳಿಯಿತು, ರಾತ್ರಿ ಎಚ್ಚರವಾಗುವುದು ನಿಂತಿತು. ಇದರಲ್ಲಿ ತೂಕದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ಪಟ್ಟಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಆ ತಾಯಿಯಂತೂ ಹಸುವಿನ ಪಾಳಿ ಮಗನಿಗೆ ಹೋದದ್ದೇ ಕಾರಣ ಎಂದು ನಂಬಿದ್ದಾರೆ, ನಾನು ಅಲ್ಲಗಳೆಯಲು ಹೋಗಿಲ್ಲ.

ಕೆಲಸದ ವಿಷಯದಲ್ಲಿ, ಬಲವಾಗಿ ಹಿಡಿಯುವುದು, ಅದನ್ನೇ ಮತ್ತೆ ಮತ್ತೆ ಮಾಡುವುದು ಮತ್ತು ಕಂಪನ, ಈ ಮೂರೂ ಕೂಡಿದಲ್ಲಿ ಅಪಾಯ ಹೆಚ್ಚು. ಗಿಡ ಕಸಿ ಮಾಡುವ, ಅಂದರೆ ರೆಂಬೆ ಸವರುವ ಕತ್ತರಿ ಮೊಂಡಾಗಿದ್ದರೆ ಪ್ರತಿ ರೆಂಬೆಗೂ ಎರಡು ಪಟ್ಟು ಬಲ ಹಾಕಬೇಕಾಗುತ್ತದೆ, ಆದ್ದರಿಂದ ಬೆಳಿಗ್ಗೆ ಕತ್ತರಿ ಮಸೆಯುವುದೂ ಒಂದು ಚಿಕಿತ್ಸೆಯೇ. ಕಳೆ ಹೊಡೆಯುವ ಯಂತ್ರವನ್ನು ಒಬ್ಬರೇ ಇಡೀ ದಿನ ಹಿಡಿಯದೆ, ಗಂಟೆಗೊಮ್ಮೆ ಕೈ ಬದಲಾಯಿಸಿಕೊಳ್ಳುವಂತೆ ಮಾಲೀಕರು ಏರ್ಪಾಡು ಮಾಡಬೇಕು. ಕೊಪ್ಪ, ಶೃಂಗೇರಿ ಕಡೆ ಅಡಿಕೆ ಸುಲಿಯುವವರು ರಾತ್ರಿ ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕುಳಿತಿರುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ಬೆರಳು ಬಿಚ್ಚಿ ಮುಚ್ಚಿ ಮಾಡಿದರೆ ಒಳ್ಳೆಯದು. ಮನೆಯಲ್ಲಿ ಕೈಗೆ ಹೆಚ್ಚು ತ್ರಾಸ ಕೊಡುವ ಕೆಲಸ ಒದ್ದೆ ಬಟ್ಟೆ ಹಿಂಡುವುದು. ಕಂಬಳಿ, ಜಮಖಾನೆಗಳನ್ನು ಹಿಂಡದೆ ತಂತಿಯ ಮೇಲೆ ಸೋರಲು ಬಿಡಿ, ಇಲ್ಲವೇ ಮನೆಯ ಗಂಡಸರಿಗೆ ಆ ಕೆಲಸ ಕೊಡಿ.

ಇಷ್ಟೆಲ್ಲ ಹೇಳಿದ ಮೇಲೆ, ಇವುಗಳನ್ನು ನಂಬಿ ಕಾಯಬಾರದ ಸಂದರ್ಭಗಳನ್ನೂ ಹೇಳಬೇಕು. ಜೋಮು ಬಂದು ಹೋಗುವುದು ನಿಂತು ಹಗಲು ರಾತ್ರಿ ಉಳಿದರೆ, ರವಿಕೆಯ ಹುಕ್ಕು ಅಥವಾ ಅಂಗಿಯ ಗುಂಡಿ ಹಾಕಲು ಬಾರದಿದ್ದರೆ, ಲೋಟ ಕೈಯಿಂದ ಜಾರಿ ಬೀಳತೊಡಗಿದರೆ, ಎರಡೂ ಅಂಗೈಗಳನ್ನು ಪಕ್ಕಪಕ್ಕ ಹಿಡಿದಾಗ ಒಂದರ ಹೆಬ್ಬೆರಳಿನ ಬುಡದ ಮಾಂಸ ಸೊರಗಿ ಗುಂಡಿ ಬಿದ್ದಂತೆ ಕಂಡರೆ, ತೂಕ ಇಳಿಸುವ ಮಾತನ್ನು ಬದಿಗಿಟ್ಟು ತಜ್ಞರನ್ನು ಕಾಣಬೇಕು. ನರದ ವೇಗ ಅಳೆಯುವ ಪರೀಕ್ಷೆಯಿಂದ ಹಾನಿ ಎಷ್ಟೆಂದು ತಿಳಿಯುತ್ತದೆ. ಓಣಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದಿನಿಂದ ಹಲವರಿಗೆ ಕೆಲವು ವಾರ, ಕೆಲವು ತಿಂಗಳು ಆರಾಮ ಸಿಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ಸಕ್ಕರೆ ಏರಬಹುದು. ಶಸ್ತ್ರಚಿಕಿತ್ಸೆ ಎಂದರೆ ಆ ಅಡ್ಡಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಡುವುದು. ಸಾಮಾನ್ಯವಾಗಿ ಕೈಗೆ ಮಾತ್ರ ಮರವಳಿಕೆ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ತೂಕ ಹೆಚ್ಚಿದೆ ಎಂಬುದು ಅದಕ್ಕೆ ಅಡ್ಡಿಯಲ್ಲ.

ಸಭಿಕರ ಪ್ರಶ್ನೆಗಳು

ನರಕ್ಕೆ ಶಕ್ತಿ ಬರುವ ಬಿ ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಂಡರೆ ಸಾಲದೇ ಎಂದು ಹಿರಿಯರೊಬ್ಬರು ಕೇಳಿದರು. ಬಿ12 ಕೊರತೆ ಪರೀಕ್ಷೆಯಲ್ಲಿ ಕಂಡರೆ ಅದನ್ನು ತುಂಬಲೇಬೇಕು, ಸಸ್ಯಾಹಾರಿಗಳಲ್ಲಿ ಅದು ಸಾಮಾನ್ಯ. ಆದರೆ ಓಣಿಯೊಳಗಿನ ಒತ್ತಡವನ್ನು ಮಾತ್ರೆ ಇಳಿಸುವುದಿಲ್ಲ. ಬಿ6 ಅನ್ನು ದೊಡ್ಡ ಪ್ರಮಾಣದಲ್ಲಿ ಬಹಳ ಕಾಲ ನುಂಗಿದರೆ ಅದರಿಂದಲೇ ನರಗಳಿಗೆ ಹಾನಿಯಾಗಿ ಜೋಮು ಬರುತ್ತದೆ.

ಯೋಗದಿಂದ ಗುಣವಾಗುವುದೇ ಎಂಬುದು ಇನ್ನೊಂದು ಪ್ರಶ್ನೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯನ್ನು ಆಧರಿಸಿ ಅಮೆರಿಕದಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹನ್ನೊಂದು ಆಸನಗಳನ್ನು ವಾರಕ್ಕೆ ಎರಡು ಬಾರಿ ಎಂಟು ವಾರ ಮಾಡಿದವರಲ್ಲಿ ಹಿಡಿತದ ಬಲ ಹೆಚ್ಚಿ ನೋವು ಕಡಿಮೆಯಾಯಿತು. ಅದರಲ್ಲಿ ಭಾಗವಹಿಸಿದ್ದವರು 42 ಜನ ಮಾತ್ರ, ಆದ್ದರಿಂದ ಭರವಸೆ ಇಡಬಹುದು, ಅದೊಂದನ್ನೇ ನೆಚ್ಚಲಾಗದು. ಅಲ್ಲಿ ಭುಜ, ತೋಳುಗಳನ್ನು ಹಿಗ್ಗಿಸಿ ನೇರವಾಗಿಸುವ ಆಸನಗಳಿಗೇ ಒತ್ತು ಇತ್ತು. ಮನೆಯಲ್ಲಿ ನೋಡಿಕೊಂಡು ಮಾಡುವವರು ಕೈಯೂರುವ ಆಸನಗಳನ್ನು ಬಿಟ್ಟು ಉಳಿದವುಗಳನ್ನು ಮಾಡಲಿ.

ಮಕ್ಕಳೆಲ್ಲ ಮೊಬೈಲ್ ಹಿಡಿದಿರುತ್ತಾರೆ, ಅವರಿಗೂ ಬರುವುದೇ ಎಂದು ತಾಯಿಯೊಬ್ಬರು ಆತಂಕಪಟ್ಟರು. ಬೈಯಲು ಇದು ಒಳ್ಳೆಯ ನೆಪವಾದರೂ, ಕಂಪ್ಯೂಟರ್ ಕೀಲಿಮಣೆ ಮತ್ತು ಮೊಬೈಲಿನ ವಿರುದ್ಧ ಇರುವ ಆಧಾರ, ಕಂಪಿಸುವ ಯಂತ್ರ ಮತ್ತು ಬಲವಾದ ಹಿಡಿತದ ವಿರುದ್ಧ ಇರುವಷ್ಟು ಬಲವಾಗಿಲ್ಲ. ಮಲಗಿಕೊಂಡು ಮಣಿಕಟ್ಟು ಮಡಚಿ ಗಂಟೆಗಟ್ಟಲೆ ನೋಡುವುದನ್ನು ತಪ್ಪಿಸಿದರೆ ಸಾಕು.

ಎರಡೂ ಕೈಗೆ ತೊಂದರೆಯಿದೆ, ಎರಡನ್ನೂ ಒಟ್ಟಿಗೆ ಆಪರೇಷನ್ ಮಾಡಿಸಬಹುದೇ, ಯಾವಾಗ ಮಾಡಿಸಬೇಕು ಎಂದು ತೋಟದ ಕೆಲಸ ಮಾಡುವ ಮಹಿಳೆ ಕೇಳಿದರು. ಎರಡೂ ಕೈಗೆ ಬರುವುದು ಅಪರೂಪವಲ್ಲ. ಒಟ್ಟಿಗೆ ಮಾಡಿಸಲು ಸಾಧ್ಯವಿದ್ದರೂ, ಕೆಲವು ದಿನ ಉಣ್ಣಲು, ತಲೆ ಬಾಚಲು ಮತ್ತೊಬ್ಬರ ಸಹಾಯ ಬೇಕಾಗುತ್ತದೆ, ಹಾಗಾಗಿ ಹೆಚ್ಚು ತೊಂದರೆ ಇರುವ ಕೈಯನ್ನು ಮೊದಲು ಮಾಡಿಸುವುದು ಅನುಕೂಲ. ಹೊಲಿಗೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಬಿಚ್ಚುತ್ತಾರೆ, ಹಿಡಿತದ ಬಲ ಮರಳಲು ಎರಡು ಮೂರು ತಿಂಗಳು ಬೇಕಾಗುತ್ತದೆ. ನವೆಂಬರಿನ ಕೊಯ್ಲಿಗೆ ಕೈ ಸಿದ್ಧವಾಗಬೇಕೆಂದಿದ್ದರೆ ಆಗಸ್ಟ್ ಒಳಗೆ ಮಾಡಿಸಿಕೊಳ್ಳಬೇಕು. ಹೆಬ್ಬೆರಳಿನ ಬುಡ ಆಗಲೇ ಸೊರಗಿದ್ದರೆ ಮಾತ್ರ ಹಂಗಾಮಿನ ಲೆಕ್ಕ ಹಾಕದೆ ಇದೇ ವಾರ ವೈದ್ಯರನ್ನು ಕಾಣಿ.